ಸ್ಥಿರ ಆವೃತ್ತಿಗಳಿಗೆ ಸಣ್ಣ ದೋಷಪರಿಹಾರಗಳ ಬ್ಯಾಕ್‌ಪೋರ್ಟಿಂಗ್

ಬ್ಯಾಕ್‌ಪೋರ್ಟಿಂಗ್ ಎಂದರೆ ತಂತ್ರಾಂಶವೊಂದರ ಹೊಸ ಆವೃತ್ತಿಯಲ್ಲಿ ಮಾಡಿದ ತಿದ್ದುಪಡಿಯನ್ನು, ಈಗಾಗಲೇ ಬಿಡುಗಡೆಯಾಗಿ ಬಳಕೆಯಲ್ಲಿರುವ ಹಳೆಯ ಆವೃತ್ತಿಗೆ ಹೊಂದಿಸಿ ಸೇರಿಸುವ ಕ್ರಮ. ಭದ್ರತೆಗೆ ಸಂಬಂಧಿಸಿದ ಗಂಭೀರ ದೋಷಗಳನ್ನು ಹಳೆಯ ಆವೃತ್ತಿಗಳಲ್ಲೂ ಸರಿಪಡಿಸಬೇಕೆಂಬುದರಲ್ಲಿ ಸಾಮಾನ್ಯವಾಗಿ ಭಿನ್ನಾಭಿಪ್ರಾಯವಿರುವುದಿಲ್ಲ. ಸಣ್ಣ ದೋಷಗಳ ವಿಷಯ ಹಾಗಲ್ಲ. ಪ್ರತಿಯೊಂದು ತಿದ್ದುಪಡಿಯೂ ಹೊಸ ದೋಷವೊಂದನ್ನು ಒಳತರುವ ಸಾಧ್ಯತೆಯಿರುವುದರಿಂದ, ಯಾವ ಸಣ್ಣ ದೋಷದ ಪರಿಹಾರವನ್ನು ಸ್ಥಿರ ಆವೃತ್ತಿಗೆ ಸೇರಿಸಬೇಕು, ಯಾವುದನ್ನು ಮುಂದಿನ ಬಿಡುಗಡೆಯವರೆಗೆ ಕಾಯಿಸಬೇಕು ಎಂಬುದನ್ನು ತಂತ್ರಾಂಶದ ನಿರ್ವಾಹಕರು ಪ್ರಕರಣವಾರು ತೀರ್ಮಾನಿಸುತ್ತಾರೆ. ಲಿನಕ್ಸ್ ಕರ್ನಲ್, ಡೆಬಿಯನ್, ಉಬುಂಟು, ಪೈಥಾನ್ ಮೊದಲಾದ ಯೋಜನೆಗಳು ಇದಕ್ಕಾಗಿ ಲಿಖಿತ ನಿಯಮಗಳನ್ನು ರೂಪಿಸಿಕೊಂಡಿವೆ. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳ ಬಳಕೆದಾರರಿಗೆ ಈ ತೀರ್ಮಾನಗಳು ನೇರವಾಗಿ ತಟ್ಟುತ್ತವೆ.

## ಹಿನ್ನೆಲೆ

ಬಹುತೇಕ ದೊಡ್ಡ ತಂತ್ರಾಂಶ ಯೋಜನೆಗಳ ಮೂಲ ಸಂಕೇತವು ಎರಡು ಅಥವಾ ಹೆಚ್ಚು ಕವಲುಗಳಲ್ಲಿ ಸಾಗುತ್ತದೆ. ಹೊಸ ಸೌಲಭ್ಯಗಳು, ದೊಡ್ಡ ಬದಲಾವಣೆಗಳು ಮತ್ತು ಎಲ್ಲ ಬಗೆಯ ದೋಷಪರಿಹಾರಗಳು ಮೊದಲು ಸೇರುವುದು ಮುಖ್ಯ ಕವಲಿಗೆ. ನಿರ್ದಿಷ್ಟ ಹಂತದಲ್ಲಿ ಅದರಿಂದ ಒಂದು ಕವಲನ್ನು ಬೇರ್ಪಡಿಸಿ, ಪರೀಕ್ಷಿಸಿ, ಬಿಡುಗಡೆ ಮಾಡುತ್ತಾರೆ. ಇದೇ ಸ್ಥಿರ ಆವೃತ್ತಿ. ಆ ಬಳಿಕ ಅದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸುವುದಿಲ್ಲ. ಆಯ್ದ ದೋಷಪರಿಹಾರಗಳನ್ನು ಮಾತ್ರ ಸೇರಿಸುತ್ತಾರೆ.

ಇಲ್ಲಿ ‘ಸ್ಥಿರ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ತಂತ್ರಾಂಶವು ಕೆಡದೆ ನಡೆಯುತ್ತದೆ ಎಂಬುದು. ಇನ್ನೊಂದು, ಅದರ ವರ್ತನೆ ಬದಲಾಗುವುದಿಲ್ಲ ಎಂಬುದು. ಬ್ಯಾಂಕು, ಆಸ್ಪತ್ರೆ, ಶಾಲೆ, ಸರ್ಕಾರಿ ಕಚೇರಿಗಳು ಹಳೆಯ ಆವೃತ್ತಿಯಲ್ಲಿ ಉಳಿಯಲು ಎರಡನೆಯ ಅರ್ಥವೇ ಮುಖ್ಯ ಕಾರಣ. ಅವುಗಳ ಸಿಬ್ಬಂದಿ ಒಂದು ಕ್ರಮಕ್ಕೆ ಒಗ್ಗಿಕೊಂಡಿರುತ್ತಾರೆ. ಇತರ ತಂತ್ರಾಂಶಗಳು ಆ ವರ್ತನೆಯನ್ನೇ ನಂಬಿ ಕೆಲಸ ಮಾಡುತ್ತಿರುತ್ತವೆ. ಸಣ್ಣ ದೋಷವನ್ನು ಸರಿಪಡಿಸುವಾಗ ಈ ಎರಡು ಅರ್ಥಗಳು ಪರಸ್ಪರ ಎದುರಾಗುತ್ತವೆ. ದೋಷವನ್ನು ಉಳಿಸಿಕೊಂಡರೆ ಮೊದಲನೆಯದಕ್ಕೆ ಧಕ್ಕೆ, ತಿದ್ದಿದರೆ ಎರಡನೆಯದಕ್ಕೆ ಧಕ್ಕೆ.

ಸಾಕಷ್ಟು ಬಳಕೆದಾರರಿರುವ ತಂತ್ರಾಂಶದಲ್ಲಿ ಹೊರಗೆ ಕಾಣುವ ಪ್ರತಿಯೊಂದು ವರ್ತನೆಯನ್ನೂ ಯಾರಾದರೊಬ್ಬರು ಅವಲಂಬಿಸಿರುತ್ತಾರೆ ಎಂಬ ಮಾತು ತಂತ್ರಾಂಶ ಕ್ಷೇತ್ರದಲ್ಲಿ ಪ್ರಚಲಿತವಾಗಿದೆ. ಹೈರಮ್ ರೈಟ್ ಎಂಬ ತಂತ್ರಜ್ಞರ ಹೆಸರಿನಿಂದ ಇದನ್ನು ‘ಹೈರಮ್ ನಿಯಮ’ ಎನ್ನುತ್ತಾರೆ. ಈ ನಿಯಮದ ಪ್ರಕಾರ ದೋಷವೂ ಒಂದು ವರ್ತನೆಯೇ. ಅದನ್ನು ತಿದ್ದಿದಾಗ ಅದನ್ನೇ ನಂಬಿಕೊಂಡಿದ್ದ ಬೇರೊಂದು ಭಾಗ ಕೆಡಬಹುದು. ಮೊದಲು ಸರಿಯಾಗಿದ್ದುದು ತಿದ್ದುಪಡಿಯ ಬಳಿಕ ಕೆಡುವುದನ್ನು ‘ರಿಗ್ರೆಶನ್’ ಎನ್ನುತ್ತಾರೆ.

## ಕಾರ್ಯವಿಧಾನ

ಮುಖ್ಯ ಕವಲಿನಲ್ಲಿರುವ ಒಂದೇ ಒಂದು ತಿದ್ದುಪಡಿಯನ್ನು ಆರಿಸಿ ಸ್ಥಿರ ಕವಲಿಗೆ ಅಳವಡಿಸುವುದು ಬ್ಯಾಕ್‌ಪೋರ್ಟಿಂಗ್‌ನ ಸರಳ ರೂಪ. ಗಿಟ್ ಎಂಬ ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿ ಇದಕ್ಕೆ ‘ಚೆರಿ-ಪಿಕ್’ ಎಂಬ ಆದೇಶವಿದೆ. ಎರಡೂ ಕವಲುಗಳಲ್ಲಿ ಸಂಬಂಧಿತ ಸಾಲುಗಳು ಒಂದೇ ರೀತಿ ಇದ್ದರೆ ತಿದ್ದುಪಡಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಇಲ್ಲವಾದರೆ ‘ಘರ್ಷಣೆ’ ಉಂಟಾಗಿ, ನಿರ್ವಾಹಕರು ಹಳೆಯ ಸಂಕೇತಕ್ಕೆ ತಕ್ಕಂತೆ ತಿದ್ದುಪಡಿಯನ್ನು ಕೈಯಾರೆ ಮತ್ತೆ ಬರೆಯಬೇಕಾಗುತ್ತದೆ.

ಘರ್ಷಣೆ ಉಂಟಾಗದಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯುವಂತಿಲ್ಲ. ತಿದ್ದುಪಡಿಯೊಂದು ಮುಖ್ಯ ಕವಲಿನಲ್ಲಿ ಅದಕ್ಕೂ ಮೊದಲು ಆಗಿದ್ದ ಇನ್ನೊಂದು ಬದಲಾವಣೆಯನ್ನು ಅವಲಂಬಿಸಿರಬಹುದು. ಆ ಪೂರ್ವಾಪೇಕ್ಷಿತ ಬದಲಾವಣೆ ಹಳೆಯ ಕವಲಿನಲ್ಲಿ ಇಲ್ಲದಿದ್ದರೂ ತಿದ್ದುಪಡಿಯು ಪಠ್ಯದ ಮಟ್ಟದಲ್ಲಿ ಸರಾಗವಾಗಿ ಸೇರಿಕೊಳ್ಳಬಹುದು, ಸಂಕಲನವೂ ಆಗಬಹುದು. ಆದರೆ ಅರ್ಥದ ಮಟ್ಟದಲ್ಲಿ ಅದು ತಪ್ಪಾಗಿರುತ್ತದೆ. ಬ್ಯಾಕ್‌ಪೋರ್ಟಿಂಗ್‌ನಲ್ಲಿ ಪತ್ತೆಹಚ್ಚಲು ಕಷ್ಟವಾದ ತಪ್ಪುಗಳಲ್ಲಿ ಇದೂ ಒಂದು.

ಬ್ಯಾಕ್‌ಪೋರ್ಟ್ ಮಾಡಿದ ತಂತ್ರಾಂಶದ ಆವೃತ್ತಿ ಸಂಖ್ಯೆಯ ಮುಖ್ಯ ಭಾಗ ಬದಲಾಗದೆ ಉಳಿಯುವುದುಂಟು. 2014ರ ಏಪ್ರಿಲ್‌ನಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷವನ್ನು ಓಪನ್‌ಎಸ್‌ಎಸ್‌ಎಲ್ ಯೋಜನೆಯು 1.0.1ಜಿ ಆವೃತ್ತಿಯಲ್ಲಿ ಸರಿಪಡಿಸಿತು. ಡೆಬಿಯನ್ 7 ಮಾತ್ರ ತನ್ನಲ್ಲಿದ್ದ 1.0.1ಇ ಆವೃತ್ತಿಯನ್ನೇ ಉಳಿಸಿಕೊಂಡು, ಪರಿಹಾರವನ್ನಷ್ಟೇ ಅದಕ್ಕೆ ಸೇರಿಸಿ, ಪ್ಯಾಕೇಜಿನ ಸಂಖ್ಯೆಯ ಕೊನೆಯ ಭಾಗವನ್ನು ಹೆಚ್ಚಿಸಿತು. ಹೀಗಾಗಿ ಆವೃತ್ತಿ ಸಂಖ್ಯೆಯನ್ನು ಮಾತ್ರ ನೋಡಿದವರಿಗೆ, ಸರಿಪಡಿಸಿದ ತಂತ್ರಾಂಶವೂ ದೋಷಯುಕ್ತವೆಂದು ತೋರಬಹುದು. ಹಳೆಯ ಸಂಖ್ಯೆಯನ್ನಷ್ಟೇ ಗಮನಿಸುವ ಭದ್ರತಾ ಪರಿಶೀಲನಾ ಸಾಧನಗಳು ಸುಳ್ಳು ಎಚ್ಚರಿಕೆ ನೀಡುವುದಕ್ಕೆ ಇದೂ ಒಂದು ಕಾರಣ.

## ಸಣ್ಣ ದೋಷದ ವ್ಯಾಖ್ಯೆ

‘ಸಣ್ಣ’ ಎಂಬ ವಿಶೇಷಣವನ್ನು ಮೂರು ಬೇರೆ ಬೇರೆ ಅರ್ಥಗಳಲ್ಲಿ ಬಳಸಲಾಗುತ್ತದೆ. ಇವುಗಳನ್ನು ಬೆರೆಸುವುದರಿಂದ ಗೊಂದಲ ಉಂಟಾಗುತ್ತದೆ.

- ಪರಿಹಾರದ ಗಾತ್ರ: ತಿದ್ದಬೇಕಾದ ಸಾಲುಗಳು ಕೆಲವೇ ಆಗಿರುವುದು.
- ಪರಿಣಾಮದ ತೀವ್ರತೆ: ದೋಷದಿಂದ ದತ್ತಾಂಶ ನಾಶವಾಗದೆ, ತಂತ್ರಾಂಶ ನಿಲ್ಲದೆ, ಕೇವಲ ಕಿರಿಕಿರಿ ಉಂಟಾಗುವುದು.
- ವ್ಯಾಪ್ತಿ: ದೋಷವು ಕೆಲವೇ ಬಳಕೆದಾರರನ್ನು ಬಾಧಿಸುವುದು.

ಈ ಮೂರೂ ಒಟ್ಟಿಗೆ ಇರಬೇಕೆಂದಿಲ್ಲ. ಒಂದೇ ಸಾಲಿನ ತಿದ್ದುಪಡಿಯ ಪರಿಣಾಮ ಅಗಾಧವಾಗಿರಬಹುದು. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಪರೀಕ್ಷಾ ಸಾಧನವೊಂದು ನೀಡುತ್ತಿದ್ದ ಎಚ್ಚರಿಕೆಯನ್ನು ನಿವಾರಿಸಲು ಸಂಕೇತದ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಲಾಯಿತು. ಗೂಢಲಿಪೀಕರಣದ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆ ಇದರಿಂದ ಬಹುಪಾಲು ನಷ್ಟವಾಗಿ, ಕೀಲಿಗಳನ್ನು ಊಹಿಸಬಹುದಾದ ಸ್ಥಿತಿ ಉಂಟಾಯಿತು. ಈ ದೋಷ ಪ್ರಕಟವಾದದ್ದು 2008ರ ಮೇ 13ರಂದು. ಇದು ಬ್ಯಾಕ್‌ಪೋರ್ಟ್‌ನ ಪ್ರಕರಣವಲ್ಲ. ಆದರೂ ಸಾಲುಗಳ ಎಣಿಕೆಯಿಂದ ಅಪಾಯವನ್ನು ಅಳೆಯಲಾಗದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಡೆಬಿಯನ್‌ನ ದೋಷ ದಾಖಲಾತಿ ವ್ಯವಸ್ಥೆಯು ತೀವ್ರತೆಯನ್ನು ಏಳು ಹಂತಗಳಲ್ಲಿ ಗುರುತಿಸುತ್ತದೆ: ಕ್ರಿಟಿಕಲ್, ಗ್ರೇವ್, ಸೀರಿಯಸ್, ಇಂಪಾರ್ಟೆಂಟ್, ನಾರ್ಮಲ್, ಮೈನರ್ ಮತ್ತು ವಿಶ್‌ಲಿಸ್ಟ್. ಇಂತಹ ವರ್ಗೀಕರಣವು ತೀರ್ಮಾನಕ್ಕೆ ನೆರವಾಗುತ್ತದೆ. ಆದರೆ ಹಂತವನ್ನು ಆರಿಸುವವರು ಮನುಷ್ಯರೇ ಆದ್ದರಿಂದ, ದೋಷದಿಂದ ಬಾಧಿತರಾದವರ ಅನುಭವ ಅವರಿಗೆ ತಿಳಿದಿರುವುದು ಅಗತ್ಯ.

## ನಿರ್ಧಾರದ ಮಾನದಂಡಗಳು

ನಿಯಮಗಳು ಯೋಜನೆಯಿಂದ ಯೋಜನೆಗೆ ಬೇರೆಯಾದರೂ, ನಿರ್ವಾಹಕರು ಸಾಮಾನ್ಯವಾಗಿ ಪರಿಗಣಿಸುವ ಅಂಶಗಳು ಹೀಗಿವೆ.

ನೈಜ ತೊಂದರೆ. ದೋಷದಿಂದ ಯಾರಿಗಾದರೂ ನಿಜವಾಗಿ ತೊಂದರೆಯಾಗಿರಬೇಕು. ಸಂಕೇತವನ್ನು ಓದುವಾಗ ‘ಹೀಗಾಗಬಹುದು’ ಎಂದು ತೋರುವ ಕಾಲ್ಪನಿಕ ಸಮಸ್ಯೆಗಳನ್ನು ಮುಖ್ಯ ಕವಲಿನಲ್ಲಿ ಮಾತ್ರ ಸರಿಪಡಿಸುವುದು ವಾಡಿಕೆ.

ಪರ್ಯಾಯ ಮಾರ್ಗ. ಬಳಕೆದಾರರು ದೋಷವನ್ನು ಸುಲಭವಾಗಿ ತಪ್ಪಿಸಿಕೊಂಡು ಕೆಲಸ ಮುಂದುವರಿಸಬಹುದಾದರೆ ತುರ್ತು ಕಡಿಮೆಯಾಗುತ್ತದೆ. ಆದರೆ ಆ ಮಾರ್ಗವು ಸಾಮಾನ್ಯ ಬಳಕೆದಾರರ ಅಳವಿನಲ್ಲಿರಬೇಕು. ಆದೇಶ ಸಾಲಿನಲ್ಲಿ ಮಾಡಬೇಕಾದ ಹೊಂದಾಣಿಕೆಯು ತಂತ್ರಜ್ಞರಿಗೆ ಸುಲಭವೆನಿಸಿದರೂ ಶಾಲಾ ಶಿಕ್ಷಕರಿಗೆ ಅದು ಮಾರ್ಗವಾಗಲಾರದು.

ಬದಲಾವಣೆ ತಲುಪುವ ದೂರ. ತಿದ್ದುಪಡಿಯು ಒಂದು ಪರದೆಯ ಬರಹವನ್ನಷ್ಟೇ ಮುಟ್ಟುತ್ತದೆಯೇ, ಅಥವಾ ಹಲವು ತಂತ್ರಾಂಶಗಳು ಹಂಚಿಕೊಂಡಿರುವ ಸಂಗ್ರಹವನ್ನು ಮುಟ್ಟುತ್ತದೆಯೇ ಎಂಬುದನ್ನು ನೋಡಬೇಕು. ಹಂಚಿಕೆಯ ಸಂಗ್ರಹದಲ್ಲಿ ಮಾಡಿದ ಬದಲಾವಣೆಯ ಪರಿಣಾಮ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಮೊದಲೇ ಹೇಳುವುದು ಕಷ್ಟ.

ಪರೀಕ್ಷೆಯ ಸಾಧ್ಯತೆ. ದೋಷವನ್ನು ಮತ್ತೆ ಉಂಟುಮಾಡಿ ತೋರಿಸುವ ಖಚಿತ ಹಂತಗಳು ಇರಬೇಕು. ತಿದ್ದುಪಡಿಗೆ ಮೊದಲು ವಿಫಲವಾಗಿ, ನಂತರ ಸಫಲವಾಗುವ ಪರೀಕ್ಷೆ ಇದ್ದರೆ ಪರಿಹಾರದ ಮೇಲಿನ ಭರವಸೆ ಹೆಚ್ಚುತ್ತದೆ. ಈ ಪರೀಕ್ಷೆಯನ್ನು ಹಳೆಯ ಕವಲಿನಲ್ಲಿಯೇ ನಡೆಸಬೇಕು.

ಮುಖ್ಯ ಕವಲಿನಲ್ಲಿ ಕಳೆದ ಕಾಲ. ತಿದ್ದುಪಡಿಯು ಮುಖ್ಯ ಕವಲಿನಲ್ಲಿ ಕೆಲಕಾಲ ಬಳಕೆಯಲ್ಲಿದ್ದು ದೂರುಗಳು ಬಾರದಿದ್ದರೆ ಅದು ಹೆಚ್ಚು ನಂಬಲರ್ಹ. ಸ್ಥಿರ ಕವಲಿಗೆ ಮೊದಲು ಸೇರಿಸಿ ಮುಖ್ಯ ಕವಲನ್ನು ಮರೆತರೆ, ಮುಂದಿನ ಬಿಡುಗಡೆಯಲ್ಲಿ ಹಳೆಯ ದೋಷ ಮರಳಿ ಬರುತ್ತದೆ. ಆದ್ದರಿಂದ ‘ಮೊದಲು ಮುಖ್ಯ ಕವಲು’ ಎಂಬುದು ಬಹುತೇಕ ಯೋಜನೆಗಳ ಸಾಮಾನ್ಯ ನಿಯಮವಾಗಿದೆ.

ಉಳಿದಿರುವ ಬೆಂಬಲ ಅವಧಿ. ಎರಡು ತಿಂಗಳಲ್ಲಿ ಬೆಂಬಲ ಮುಗಿಯುವ ಆವೃತ್ತಿಗೂ ಇನ್ನೂ ನಾಲ್ಕು ವರ್ಷ ಬಳಕೆಯಲ್ಲಿರುವ ಆವೃತ್ತಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಈ ಎಲ್ಲ ಮಾನದಂಡಗಳ ಹಿಂದೆ ಒಂದು ಅಸಮತೆ ಇದೆ. ಹಳೆಯ ದೋಷದಿಂದ ಬಾಧಿತರಾದವರು ಅದನ್ನು ಬಲ್ಲರು ಮತ್ತು ಹೇಗೋ ಸುಧಾರಿಸಿಕೊಂಡಿರುತ್ತಾರೆ. ರಿಗ್ರೆಶನ್ ಆದರೆ ಅದರ ಹೊರೆ ಬೀಳುವುದು ಅಲ್ಲಿಯವರೆಗೆ ಯಾವ ತೊಂದರೆಯೂ ಇಲ್ಲದಿದ್ದವರ ಮೇಲೆ, ಅದೂ ಮುನ್ಸೂಚನೆಯಿಲ್ಲದೆ. ಇಂತಹ ಅನುಭವವಾದವರು ನವೀಕರಣಗಳನ್ನೇ ನಿಲ್ಲಿಸಿಬಿಡುವ ಸಾಧ್ಯತೆಯಿದ್ದು, ಆಗ ಭದ್ರತಾ ಪರಿಹಾರಗಳೂ ಅವರನ್ನು ತಲುಪುವುದಿಲ್ಲ.

## ಪ್ರಮುಖ ಯೋಜನೆಗಳ ನಿಯಮಗಳು

### ಲಿನಕ್ಸ್ ಕರ್ನಲ್

ಲಿನಕ್ಸ್ ಕರ್ನಲ್‌ನ ಈಗಿನ ಸ್ಥಿರ ಸರಣಿಯ ಪದ್ಧತಿ 2005ರ ಮಾರ್ಚ್‌ನಲ್ಲಿ 2.6.11.1 ಆವೃತ್ತಿಯೊಂದಿಗೆ ಆರಂಭವಾಯಿತು. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಇದರ ಮೊದಲ ನಿರ್ವಾಹಕರು. ಕರ್ನಲ್‌ನ ದಸ್ತಾವೇಜಿನಲ್ಲಿರುವ ನಿಯಮಗಳ ಪ್ರಕಾರ, ಸ್ಥಿರ ಸರಣಿಗೆ ಸೇರುವ ತಿದ್ದುಪಡಿ ಅಥವಾ ಅದಕ್ಕೆ ಸಮನಾದುದು ಮುಖ್ಯ ಕವಲಿನಲ್ಲಿ ಈಗಾಗಲೇ ಇರಬೇಕು. ಅದು ಸರಿಯೆಂದು ಸ್ಪಷ್ಟವಾಗಿ ಕಾಣುವಂತಿದ್ದು ಪರೀಕ್ಷೆಗೆ ಒಳಪಟ್ಟಿರಬೇಕು. ಸುತ್ತಲಿನ ಸಾಲುಗಳೂ ಸೇರಿ 100 ಸಾಲುಗಳನ್ನು ಮೀರಬಾರದು. ಜನರನ್ನು ನಿಜವಾಗಿ ಬಾಧಿಸುವ ದೋಷವನ್ನೇ ಅದು ಸರಿಪಡಿಸಬೇಕು. ಕಾಗುಣಿತ ತಿದ್ದುವುದು, ಖಾಲಿ ಜಾಗ ಸರಿಪಡಿಸುವುದು ಮುಂತಾದ ಕ್ಷುಲ್ಲಕ ಬದಲಾವಣೆಗಳಿಗೆ ಅವಕಾಶವಿಲ್ಲ.

ಹೊಸ ಯಂತ್ರಭಾಗವೊಂದರ ಗುರುತು ಸಂಖ್ಯೆಯನ್ನು ಸೇರಿಸುವುದಕ್ಕೆ ಮಾತ್ರ ಇದೇ ನಿಯಮಗಳು ಅನುಮತಿ ನೀಡುತ್ತವೆ. ಅದು ಕಟ್ಟುನಿಟ್ಟಾಗಿ ದೋಷಪರಿಹಾರವಲ್ಲ. ಆದರೆ ಆ ಒಂದು ಸಾಲಿನಿಂದ ಒಂದು ಉಪಕರಣ ಪೂರ್ತಿಯಾಗಿ ಕೆಲಸಕ್ಕೆ ಬರುತ್ತದೆ ಮತ್ತು ಉಳಿದ ಉಪಕರಣಗಳ ಮೇಲೆ ಅದರ ಪರಿಣಾಮ ಅತ್ಯಲ್ಪ.

ಕೆಲವು ಕರ್ನಲ್ ಆವೃತ್ತಿಗಳಿಗೆ ದೀರ್ಘಾವಧಿ ಬೆಂಬಲ ದೊರೆಯುತ್ತದೆ. 2018ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ 4.19 ಆವೃತ್ತಿಯ ನಿರ್ವಹಣೆ 2024ರ ಡಿಸೆಂಬರ್‌ವರೆಗೆ ನಡೆಯಿತು.

### ಡೆಬಿಯನ್

ಡೆಬಿಯನ್‌ನ ಸ್ಥಿರ ಬಿಡುಗಡೆಗೆ ಭದ್ರತಾ ಪರಿಹಾರಗಳು ಪ್ರತ್ಯೇಕ ತಂಡದ ಮೂಲಕ ಬರುತ್ತವೆ. ಇತರ ದೋಷಪರಿಹಾರಗಳು ‘ಪಾಯಿಂಟ್ ರಿಲೀಸ್’ ಎಂಬ, ಸುಮಾರು ಎರಡು ತಿಂಗಳಿಗೊಮ್ಮೆ ಬರುವ ಕಂತುಗಳಲ್ಲಿ ಸೇರುತ್ತವೆ. ದೋಷದ ತೀವ್ರತೆ ಸಾಮಾನ್ಯವಾಗಿ ‘ಇಂಪಾರ್ಟೆಂಟ್’ ಅಥವಾ ಅದಕ್ಕೂ ಮೇಲಿನದಾಗಿರಬೇಕು, ‘ಅನ್‌ಸ್ಟೇಬಲ್’ ಕವಲಿನಲ್ಲಿ ಅದು ಈಗಾಗಲೇ ಸರಿಯಾಗಿರಬೇಕು ಮತ್ತು ಬದಲಾವಣೆ ಕನಿಷ್ಠವಾಗಿರಬೇಕು ಎಂಬುದು ಇಲ್ಲಿನ ನಿರೀಕ್ಷೆ. ನಿರ್ವಾಹಕರು ಹಳೆಯ ಮತ್ತು ಹೊಸ ಪ್ಯಾಕೇಜುಗಳ ವ್ಯತ್ಯಾಸವನ್ನು ತೋರಿಸಿ ಬಿಡುಗಡೆ ತಂಡದ ಒಪ್ಪಿಗೆ ಪಡೆಯುತ್ತಾರೆ.

### ಉಬುಂಟು

ಉಬುಂಟುವಿನ ‘ಸ್ಟೇಬಲ್ ರಿಲೀಸ್ ಅಪ್‌ಡೇಟ್’ ಪದ್ಧತಿಯಲ್ಲಿ ಪ್ರತಿಯೊಂದು ಕೋರಿಕೆಯೊಂದಿಗೆ ಮೂರು ವಿವರಗಳನ್ನು ಬರೆಯಬೇಕು: ದೋಷದಿಂದ ಬಳಕೆದಾರರಿಗಾಗುವ ಪರಿಣಾಮ, ಪರೀಕ್ಷಿಸುವ ಕ್ರಮ, ಮತ್ತು ತಿದ್ದುಪಡಿಯಿಂದ ಎಲ್ಲಿ ತೊಂದರೆ ಉಂಟಾಗಬಹುದು ಎಂಬ ಊಹೆ. ‘ಯಾವ ಅಪಾಯವೂ ಇಲ್ಲ’ ಎಂದು ಬರೆದು ಮೂರನೆಯದನ್ನು ಮುಗಿಸುವುದು ಸಾಲದು. ಒಪ್ಪಿಗೆಯಾದ ಪ್ಯಾಕೇಜು ‘ಪ್ರಪೋಸ್ಡ್’ ಭಂಡಾರದಲ್ಲಿ ಸಾಮಾನ್ಯವಾಗಿ ಕನಿಷ್ಠ 7 ದಿನ ಇದ್ದು, ಪರೀಕ್ಷೆಯಾದ ಬಳಿಕ ಬಳಕೆದಾರರಿಗೆ ಹಂತಹಂತವಾಗಿ ತಲುಪುತ್ತದೆ. ಮೊದಲ ಹಂತದಲ್ಲಿಯೇ ದೂರುಗಳು ಬಂದರೆ ವಿತರಣೆಯನ್ನು ತಡೆಯಬಹುದು.

### ಪೈಥಾನ್

ಪೈಥಾನ್ ಭಾಷೆಯ ಪ್ರತಿಯೊಂದು ಆವೃತ್ತಿಗೂ ಸುಮಾರು ಐದು ವರ್ಷಗಳ ಬೆಂಬಲವಿದೆ. 3.13 ಆವೃತ್ತಿಯಿಂದ ಮೊದಲ ಎರಡು ವರ್ಷ ಸಾಮಾನ್ಯ ದೋಷಪರಿಹಾರಗಳೂ ಸೇರುತ್ತವೆ. ಉಳಿದ ಅವಧಿಯಲ್ಲಿ ಭದ್ರತಾ ಪರಿಹಾರಗಳು ಮಾತ್ರ. ಹೀಗೆ ಕಾಲಾವಧಿಯನ್ನು ಮೊದಲೇ ನಿಗದಿಪಡಿಸಿದರೆ, ಎರಡನೆಯ ಹಂತ ತಲುಪಿದ ಆವೃತ್ತಿಗಳ ಮಟ್ಟಿಗೆ ಸಣ್ಣ ದೋಷಗಳ ಚರ್ಚೆಯೇ ಉಳಿಯುವುದಿಲ್ಲ.

## ಗಮನಾರ್ಹ ಪ್ರಕರಣಗಳು

### ಇಎಕ್ಸ್‌ಟಿ4 ಕಡತ ವ್ಯವಸ್ಥೆ, 2023

2023ರ ಕೊನೆಯಲ್ಲಿ ಲಿನಕ್ಸ್ ಕರ್ನಲ್‌ನ 6.1.64 ಸ್ಥಿರ ಆವೃತ್ತಿಗೆ ಇಎಕ್ಸ್‌ಟಿ4 ಕಡತ ವ್ಯವಸ್ಥೆಯ ಒಂದು ತಿದ್ದುಪಡಿಯನ್ನು ಬ್ಯಾಕ್‌ಪೋರ್ಟ್ ಮಾಡಲಾಯಿತು. ನೇರ ಬರವಣಿಗೆಯ ಬಳಿಕ ಕಡತದ ಗಾತ್ರವನ್ನು ಸರಿಯಾಗಿ ದಾಖಲಿಸುವುದು ಅದರ ಉದ್ದೇಶವಾಗಿತ್ತು. ಮುಖ್ಯ ಕವಲಿನಲ್ಲಿ ಆ ತಿದ್ದುಪಡಿ ಸರಿಯಾಗಿಯೇ ಇತ್ತು. ಆದರೆ ಕಡತದಲ್ಲಿನ ಸ್ಥಾನವನ್ನು ಲೆಕ್ಕಹಾಕುವ ಇನ್ನೊಂದು ಬದಲಾವಣೆಯನ್ನು ಅದು ಅವಲಂಬಿಸಿತ್ತು, ಮತ್ತು ಆ ಬದಲಾವಣೆ 6.1 ಸರಣಿಯಲ್ಲಿ ಇರಲಿಲ್ಲ. ಪರಿಣಾಮವಾಗಿ ಕೆಲವು ಸಂದರ್ಭಗಳಲ್ಲಿ ದತ್ತಾಂಶ ಹಾಳಾಗುವ ಸ್ಥಿತಿ ಉಂಟಾಯಿತು.

ಈ ಕರ್ನಲ್ ಡೆಬಿಯನ್ 12.3 ಬಿಡುಗಡೆಯಲ್ಲಿ ಸೇರಿತ್ತು. ದೋಷ ತಿಳಿದ ಕೂಡಲೇ ಡೆಬಿಯನ್ ಆ ಬಿಡುಗಡೆಯ ಪ್ರತಿಗಳನ್ನು ತಡೆಹಿಡಿದು, ಸರಿಪಡಿಸಿದ ಕರ್ನಲ್‌ನೊಂದಿಗೆ 2023ರ ಡಿಸೆಂಬರ್ 10ರಂದು 12.4 ಆವೃತ್ತಿಯನ್ನು ಪ್ರಕಟಿಸಿತು. ಮೂಲದಲ್ಲಿ ಸರಿಯಾಗಿರುವ ತಿದ್ದುಪಡಿಯೂ ಹಳೆಯ ನೆಲೆಯಲ್ಲಿ ತಪ್ಪಾಗಬಹುದು ಎಂಬುದನ್ನು ಈ ಪ್ರಕರಣ ತೋರಿಸಿತು.

### ತೆಲುಗು ಅಕ್ಷರ ಮತ್ತು ಐಓಎಸ್, 2018

2018ರ ಫೆಬ್ರವರಿಯಲ್ಲಿ, ಆಪಲ್ ಸಂಸ್ಥೆಯ ಐಓಎಸ್ 11.2.5 ಬಳಸುವ ಫೋನುಗಳಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ಒಂದು ನಿರ್ದಿಷ್ಟ ಜೋಡಣೆಯನ್ನು ಪ್ರದರ್ಶಿಸಲು ಹೋದ ಆ್ಯಪ್‌ಗಳು ಕುಸಿಯುತ್ತಿರುವುದು ಬೆಳಕಿಗೆ ಬಂತು. ಈ ಅಕ್ಷರವುಳ್ಳ ಸಂದೇಶವನ್ನು ಕಳುಹಿಸಿದರೆ ಪಡೆದವರ ಫೋನ್ ತೊಂದರೆಗೆ ಸಿಲುಕುತ್ತಿತ್ತು. ಆಗ ಪರೀಕ್ಷಾ ಹಂತದಲ್ಲಿದ್ದ 11.3 ಆವೃತ್ತಿಯಲ್ಲಿ ಈ ದೋಷ ಈಗಾಗಲೇ ಸರಿಯಾಗಿತ್ತು. ಆದರೂ ಆ ಬಿಡುಗಡೆಯವರೆಗೆ ಕಾಯದೆ, ಪರಿಹಾರವನ್ನು ಬಳಕೆಯಲ್ಲಿದ್ದ ಸರಣಿಗೆ ಸೇರಿಸಿ ಫೆಬ್ರವರಿ 19ರಂದು 11.2.6 ಆವೃತ್ತಿಯನ್ನು ನೀಡಲಾಯಿತು. ಒಂದು ಭಾಷೆಯ ಒಂದು ಅಕ್ಷರದ ಪ್ರದರ್ಶನ ದೋಷವೆಂದು ಮಾತ್ರ ವಿವರಿಸಿದರೆ ಇದು ಸಣ್ಣದೇ. ಆ ಅಕ್ಷರವನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಳುಹಿಸಬಹುದಾಗಿದ್ದುದರಿಂದ ಅದರ ವ್ಯಾಪ್ತಿ ಜಗತ್ತಿನ ಎಲ್ಲ ಬಳಕೆದಾರರನ್ನೂ ಒಳಗೊಂಡಿತು.

## ಕರ್ನಾಟಕ ಮತ್ತು ಕನ್ನಡದ ಸಂದರ್ಭ

### ರೂಪಾಯಿ ಚಿಹ್ನೆ

ಭಾರತ ಸರ್ಕಾರವು ರೂಪಾಯಿಯ ಹೊಸ ಚಿಹ್ನೆಗೆ (₹) 2010ರ ಜುಲೈ 15ರಂದು ಒಪ್ಪಿಗೆ ನೀಡಿತು. ಆಗ ಬಳಕೆಯಲ್ಲಿದ್ದ ಯಾವ ಕಾರ್ಯಾಚರಣ ವ್ಯವಸ್ಥೆಯಲ್ಲೂ ಅದನ್ನು ಬರೆಯುವ ಸೌಲಭ್ಯ ಇರಲಿಲ್ಲ. ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಸಂಸ್ಥೆಯು ಅದೇ ತಿಂಗಳಿನಲ್ಲಿ ಉಚಿತ ಫಾಂಟ್ ಒಂದನ್ನು ಬಿಡುಗಡೆ ಮಾಡಿತು. ಕೀಲಿಮಣೆಯಲ್ಲಿ ಟ್ಯಾಬ್ ಕೀಲಿಯ ಮೇಲಿರುವ, ಅಪರೂಪವಾಗಿ ಬಳಸುವ ‘ಗ್ರೇವ್’ ಚಿಹ್ನೆಯ ಸ್ಥಾನದಲ್ಲಿ ರೂಪಾಯಿ ಚಿಹ್ನೆಯನ್ನು ಅದರಲ್ಲಿ ಇರಿಸಲಾಗಿತ್ತು. ಹಳೆಯ ಗಣಕಗಳಲ್ಲೂ ಚಿಹ್ನೆ ಕೂಡಲೇ ಬಳಕೆಗೆ ದೊರೆಯಿತು. ಆದರೆ ಇಂತಹ ವ್ಯವಸ್ಥೆಯಲ್ಲಿ, ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ರೂಪಾಯಿಯ ಬದಲು ‘ಗ್ರೇವ್’ ಚಿಹ್ನೆಯೇ ಕಾಣುತ್ತದೆ.

2010ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಯೂನಿಕೋಡ್ 6.0 ಈ ಚಿಹ್ನೆಗೆ ತನ್ನದೇ ಆದ ಸಂಕೇತವನ್ನು ನೀಡಿತು. ಮೈಕ್ರೋಸಾಫ್ಟ್ 2011ರ ಮೇ ತಿಂಗಳಿನಲ್ಲಿ ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7 ಆವೃತ್ತಿಗಳಿಗೆ ನವೀಕರಣದ ಮೂಲಕ ಚಿಹ್ನೆಯನ್ನು ಒದಗಿಸಿತು. ಒಂದು ಅಕ್ಷರವನ್ನು ಸೇರಿಸುವುದು ಹೊಸ ಸೌಲಭ್ಯವೇ ಹೊರತು ದೋಷಪರಿಹಾರವಲ್ಲ ಎಂದು ವಾದಿಸಲು ಅವಕಾಶವಿತ್ತು. ಆದರೆ ದೇಶದ ನಾಣ್ಯದ ಚಿಹ್ನೆಯನ್ನು ಬರೆಯಲಾಗದ ಗಣಕವು ಅಂಗಡಿ, ಬ್ಯಾಂಕು, ಕಚೇರಿಗಳ ಪಾಲಿಗೆ ಕೊರತೆಯುಳ್ಳದ್ದೇ. ಅಧಿಕೃತ ಬ್ಯಾಕ್‌ಪೋರ್ಟ್ ದೊರೆಯುವ ಮೊದಲು ಜನರು ತಮ್ಮದೇ ತಾತ್ಕಾಲಿಕ ಪರಿಹಾರವನ್ನು ಕಂಡುಕೊಳ್ಳುತ್ತಾರೆ, ಮತ್ತು ಆ ಪರಿಹಾರದಲ್ಲಿ ಸಿದ್ಧವಾದ ಕಡತಗಳು ಅದಕ್ಕಿಂತ ದೀರ್ಘಕಾಲ ಉಳಿಯುತ್ತವೆ ಎಂಬುದನ್ನು ಈ ಪ್ರಕರಣದಲ್ಲಿ ಕಾಣಬಹುದು.

### ಕನ್ನಡ ಲಿಪಿಯ ಪ್ರದರ್ಶನ

ಕನ್ನಡ ಲಿಪಿಯಲ್ಲಿ ಅಕ್ಷರಗಳು ಸಂಕೇತಗಳ ಕ್ರಮದಲ್ಲಿಯೇ ಪರದೆಯ ಮೇಲೆ ಮೂಡುವುದಿಲ್ಲ. ಒತ್ತಕ್ಷರ, ಗುಣಿತ, ಅರ್ಕಾವೊತ್ತುಗಳನ್ನು ತಕ್ಕ ಸ್ಥಾನದಲ್ಲಿ ಕೂರಿಸಲು ಅಕ್ಷರ ಜೋಡಣೆಯ ತಂತ್ರಾಂಶ ಬೇಕು. ‘ಸೂರ್ಯ’ ಎಂಬ ಪದದಲ್ಲಿ ರಕಾರವು ಅರ್ಕಾವೊತ್ತಾಗಿ ಬರುತ್ತದೆ. ‘ರ‍್ಯಾಂಕ್’ ಎಂಬ ಪದದಲ್ಲಿ ರಕಾರ ಪೂರ್ಣವಾಗಿ ಉಳಿದು ಯಕಾರ ಒತ್ತಾಗುತ್ತದೆ. ಈ ವ್ಯತ್ಯಾಸವನ್ನು ತೋರಿಸಲು ಯೂನಿಕೋಡ್‌ನಲ್ಲಿ ರಕಾರ ಮತ್ತು ವಿರಾಮ ಚಿಹ್ನೆಯ ನಡುವೆ ಕಣ್ಣಿಗೆ ಕಾಣದ ಕೂಡಿಕೆಯ ಸಂಕೇತವೊಂದನ್ನು ಇಡಲಾಗುತ್ತದೆ. ಹಾಗೆಯೇ ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ವಕಾರವು ಟಕಾರದ ಕೆಳಗೆ ಒತ್ತಾಗದಂತೆ ತಡೆಯಲು ಬೇರ್ಪಡಿಕೆಯ ಸಂಕೇತ ಬೇಕು. ತಂತ್ರಾಂಶವು ಈ ಸಂಕೇತಗಳನ್ನು ಕಡೆಗಣಿಸಿದರೆ ಪದದ ರೂಪವೇ ಬದಲಾಗುತ್ತದೆ.

ಇಂತಹ ದೋಷವನ್ನು ಕನ್ನಡ ಬಾರದ ನಿರ್ವಾಹಕರು ನೋಡಿದಾಗ ಅದು ಕೇವಲ ಅಲಂಕಾರದ ಕೊರತೆಯೆಂದು ತೋರಬಹುದು. ಓದುಗರ ಪಾಲಿಗೆ ಅದು ಓದಲಾಗದ ಪದ. ವಿದ್ಯಾರ್ಥಿಯ ಹೆಸರು ಅಥವಾ ಜಮೀನಿನ ವಿವರ ತಪ್ಪಾಗಿ ಮುದ್ರಣವಾದರೆ ಪರಿಣಾಮ ಇನ್ನೂ ಗಂಭೀರ. ಆದ್ದರಿಂದ ದೋಷದ ವರದಿಯಲ್ಲಿ ತಪ್ಪು ರೂಪ ಮತ್ತು ಸರಿಯಾದ ರೂಪಗಳ ಚಿತ್ರ, ಸಂಕೇತಗಳ ಕ್ರಮ, ಫಾಂಟ್ ಮತ್ತು ತಂತ್ರಾಂಶಗಳ ಆವೃತ್ತಿ, ಹಾಗೂ ತಪ್ಪಿನಿಂದ ಅರ್ಥ ಹೇಗೆ ಕೆಡುತ್ತದೆ ಎಂಬ ವಿವರಣೆ ಇರುವುದು ಅವಶ್ಯ. ಬ್ಯಾಕ್‌ಪೋರ್ಟ್‌ನ ಕೋರಿಕೆಗೆ ಇದೇ ಆಧಾರ.

ಇದರ ಮತ್ತೊಂದು ಮುಖವೂ ಇದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳು ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ಒಂದೇ ಸಂಗ್ರಹವನ್ನು ಬಳಸುತ್ತವೆ. 2017ರಲ್ಲಿ ಬಂದ 5.3 ಆವೃತ್ತಿಯಿಂದ ಲಿಬ್ರೆಆಫೀಸ್ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಇದನ್ನೇ ಅವಲಂಬಿಸಿದೆ. ಹಾರ್ಫ್‌ಬಝ್‌ನಲ್ಲಿ ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಕನ್ನಡ, ಮಲಯಾಳಂ ಮೊದಲಾದ ಲಿಪಿಗಳು ಬಹುಮಟ್ಟಿಗೆ ಒಂದೇ ಸಂಕೇತ ಭಾಗವನ್ನು ಹಂಚಿಕೊಂಡಿವೆ. ಕನ್ನಡಕ್ಕಾಗಿ ಮಾಡಿದ ತಿದ್ದುಪಡಿ ಮಲಯಾಳಂ ಅಥವಾ ಬಂಗಾಳಿಯ ಪ್ರದರ್ಶನವನ್ನು ಕೆಡಿಸಬಹುದು. ಆದುದರಿಂದ ಫಾಂಟ್‌ನಲ್ಲಿಯೇ ಸರಿಪಡಿಸಬಹುದಾದ ದೋಷವನ್ನು ಅಲ್ಲಿಯೇ ಸರಿಪಡಿಸಿ ಬ್ಯಾಕ್‌ಪೋರ್ಟ್ ಮಾಡುವುದು ಕಡಿಮೆ ಅಪಾಯದ ಮಾರ್ಗ. ಜೋಡಣೆಯ ಸಂಗ್ರಹದಲ್ಲಿಯೇ ತಿದ್ದಬೇಕಾದಾಗ ಇತರ ಲಿಪಿಗಳ ಪರೀಕ್ಷೆಯೂ ಅದರೊಂದಿಗೆ ಆಗಬೇಕು.

### ಬೆಂಗಳೂರು

ಬೆಂಗಳೂರಿನ ತಂತ್ರಾಂಶ ಉದ್ಯಮದಲ್ಲಿ ಹೊಸ ತಂತ್ರಾಂಶಗಳ ರಚನೆಯಂತೆಯೇ ಹಳೆಯ ತಂತ್ರಾಂಶಗಳ ನಿರ್ವಹಣೆಯೂ ದೊಡ್ಡ ಕಾರ್ಯಕ್ಷೇತ್ರ. 2000ನೆಯ ಇಸವಿಯ ದಿನಾಂಕ ಸಮಸ್ಯೆಯನ್ನು ಸರಿಪಡಿಸುವ ಕೆಲಸವು ಭಾರತದ ತಂತ್ರಾಂಶ ಸೇವಾ ಸಂಸ್ಥೆಗಳ ಬೆಳವಣಿಗೆಗೆ ನೆರವಾಯಿತು. ಅದು ಬಳಕೆಯಲ್ಲಿದ್ದ ಹಳೆಯ ಸಂಕೇತವನ್ನು ಅದರ ಉಳಿದ ವರ್ತನೆ ಬದಲಾಗದಂತೆ ತಿದ್ದುವ ಕೆಲಸವಾಗಿತ್ತು. ಹೆಬ್ಬಾಳದಿಂದ ನಾಗವಾರ, ಕಲ್ಯಾಣ ನಗರ, ಕೆ.ಆರ್. ಪುರದ ಮೂಲಕ ಮಾರತ್ತಹಳ್ಳಿಯತ್ತ ಸಾಗುವ ಹೊರವರ್ತುಲ ರಸ್ತೆಯ ಬದಿಯಲ್ಲಿ, ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಸೇರಿದಂತೆ ಅನೇಕ ತಂತ್ರಾಂಶ ಕಚೇರಿ ಸಮುಚ್ಚಯಗಳಿವೆ. ದೀರ್ಘಾವಧಿ ಬೆಂಬಲದ ಲಿನಕ್ಸ್ ವಿತರಣೆಗಳನ್ನು ನೀಡುವ ರೆಡ್ ಹ್ಯಾಟ್ ಮತ್ತು ಸ್ಯೂಸ್ ಸಂಸ್ಥೆಗಳಿಗೂ ನಗರದಲ್ಲಿ ಕಚೇರಿಗಳಿವೆ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಆರಂಭವಾಗಿ 2005ರಲ್ಲಿ ‘ಫಾಸ್.ಇನ್’ ಎಂದು ಮರುನಾಮಕರಣಗೊಂಡ ಸಮ್ಮೇಳನವು, ಮುಕ್ತ ತಂತ್ರಾಂಶಗಳ ಬಳಕೆದಾರರನ್ನು ಕೊಡುಗೆದಾರರನ್ನಾಗಿ ಮಾಡುವತ್ತ ಒತ್ತು ನೀಡಿತ್ತು.

## ಭಿನ್ನಾಭಿಪ್ರಾಯಗಳು

ಸಣ್ಣ ಪರಿಹಾರಗಳನ್ನು ಉದಾರವಾಗಿ ಸೇರಿಸಬೇಕೇ ಅಥವಾ ಮಿತವಾಗಿ ಸೇರಿಸಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ ಸಾಶಾ ಲೆವಿನ್ ಅವರು ‘ಆಟೋಸೆಲ್’ ಎಂಬ ಪದ್ಧತಿಯ ಮೂಲಕ, ಯಂತ್ರ ಕಲಿಕೆಯ ನೆರವಿನಿಂದ, ಲೇಖಕರು ಸ್ವತಃ ಸೂಚಿಸದ ತಿದ್ದುಪಡಿಗಳನ್ನೂ ಬ್ಯಾಕ್‌ಪೋರ್ಟ್‌ಗೆ ಆರಿಸುವ ಕ್ರಮವನ್ನು ತಂದರು. ಭದ್ರತೆಗೆ ಸಂಬಂಧಿಸಿದ ಅನೇಕ ಪರಿಹಾರಗಳು ಮೊದಲ ನೋಟಕ್ಕೆ ಸಾಮಾನ್ಯ ದೋಷಪರಿಹಾರಗಳಂತೆಯೇ ಕಾಣುತ್ತವೆ, ಆದ್ದರಿಂದ ಹೆಚ್ಚು ಪರಿಹಾರಗಳನ್ನು ಸೇರಿಸುವುದೇ ಸುರಕ್ಷಿತ ಎಂಬುದು ಇದನ್ನು ಬೆಂಬಲಿಸುವವರ ವಾದ. ಆಯಾ ಭಾಗವನ್ನು ಬಲ್ಲವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಸೇರುವ ತಿದ್ದುಪಡಿಗಳು ರಿಗ್ರೆಶನ್‌ಗಳಿಗೆ ದಾರಿಮಾಡುತ್ತವೆ ಎಂಬುದು ಕೆಲವು ಉಪವಿಭಾಗಗಳ ನಿರ್ವಾಹಕರ ಆಕ್ಷೇಪ.

ಬ್ಯಾಕ್‌ಪೋರ್ಟ್ ಮಾಡದಿರುವುದೂ ಒಂದು ತೀರ್ಮಾನವೇ ಆಗಿದ್ದು ಅದಕ್ಕೂ ಬೆಲೆಯಿದೆ. ಹಳೆಯ ಯಂತ್ರ, ನಿಧಾನಗತಿಯ ಅಂತರಜಾಲ ಅಥವಾ ಕಚೇರಿಯ ನಿಯಮಗಳ ಕಾರಣದಿಂದ ಹೊಸ ಆವೃತ್ತಿಗೆ ಹೋಗಲಾಗದವರು ಆ ದೋಷದೊಂದಿಗೇ ವರ್ಷಗಟ್ಟಲೆ ಕೆಲಸ ಮಾಡಬೇಕಾಗುತ್ತದೆ. ಹೀಗಾಗಿ ಕೋರಿಕೆಯನ್ನು ತಿರಸ್ಕರಿಸುವಾಗಲೂ ಕಾರಣವನ್ನು ಮತ್ತು ಲಭ್ಯವಿರುವ ಪರ್ಯಾಯ ಮಾರ್ಗವನ್ನು ದೋಷದ ದಾಖಲೆಯಲ್ಲಿಯೇ ಬರೆದಿಡುವುದು ಉತ್ತಮ ಪದ್ಧತಿ. ಹೊಸ ಪರೀಕ್ಷೆಗಳು ಸಿದ್ಧವಾದಾಗ ಅಥವಾ ಬಾಧಿತರ ಸಂಖ್ಯೆ ಮೊದಲು ಊಹಿಸಿದ್ದಕ್ಕಿಂತ ಹೆಚ್ಚೆಂದು ತಿಳಿದಾಗ, ಅದೇ ದಾಖಲೆಯ ಆಧಾರದ ಮೇಲೆ ತೀರ್ಮಾನವನ್ನು ಮರುಪರಿಶೀಲಿಸಬಹುದು.